ಪ್ರತಿಕಾಯ ತುಂಬಿದ್ದರೂ ಸೋಲುವ ಶ್ವಾಸಕೋಶ

1970ರ ದಶಕದಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಹೊಯ್ಬಿ ಎಂಬ ಸೂಕ್ಷ್ಮಜೀವಿ ತಜ್ಞರು ಸಿಸ್ಟಿಕ್ ಫೈಬ್ರೋಸಿಸ್ ಇರುವವರ ರಕ್ತವನ್ನು ಪರೀಕ್ಷಿಸುತ್ತಿದ್ದರು. ಈ ರೋಗಿಗಳಲ್ಲಿ ಅನೇಕರ ಶ್ವಾಸಕೋಶದಲ್ಲಿ ಸ್ಯೂಡೊಮೊನಾಸ್ ಏರುಜಿನೋಸಾ ಎಂಬ ಬ್ಯಾಕ್ಟೀರಿಯ ಬೀಡುಬಿಟ್ಟಿತ್ತು. ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಯಾರಲ್ಲಿ ಎಷ್ಟಿವೆ ಎಂದು ನೋಡಿದಾಗ ಸಿಕ್ಕ ಉತ್ತರ ಎಲ್ಲರ ನಿರೀಕ್ಷೆಗೆ ತದ್ವಿರುದ್ಧವಾಗಿತ್ತು. ಪ್ರತಿಕಾಯ ಹೆಚ್ಚಿದ್ದವರೇ ಹೆಚ್ಚು ನರಳುತ್ತಿದ್ದರು, ಅವರ ಶ್ವಾಸಕೋಶವೇ ಬೇಗ ಹಾಳಾಗುತ್ತಿತ್ತು. 1980ರಲ್ಲಿ ಅಮೆರಿಕದ ವೈದ್ಯರು ಇದರ ಇನ್ನೊಂದು ಮುಖವನ್ನು ಕಂಡರು. ಇದೇ ಕಾಯಿಲೆಯ ರೋಗಿಗಳಲ್ಲಿ ರಕ್ತದ ಪ್ರತಿಕಾಯ ಮಟ್ಟ ತೀರಾ ಕಡಿಮೆ ಇದ್ದ ಕೆಲವರ ಶ್ವಾಸಕೋಶ ಉಳಿದವರಿಗಿಂತ ಚೆನ್ನಾಗಿತ್ತು.

ಲಸಿಕೆ ಎಂದರೆ ಪ್ರತಿಕಾಯ ಹುಟ್ಟಿಸುವ ಉಪಾಯ ಎಂದೇ ನಾವೆಲ್ಲ ತಿಳಿದಿದ್ದೇವೆ. ದಡಾರ, ಡಿಫ್ತೀರಿಯ, ಧನುರ್ವಾಯುಗಳ ವಿಷಯದಲ್ಲಿ ಆ ತಿಳಿವಳಿಕೆ ಬಹುಮಟ್ಟಿಗೆ ಸರಿ. ಆದರೆ ಈಗಾಗಲೇ ಪ್ರತಿಕಾಯ ತುಂಬಿ ತುಳುಕುತ್ತಿದ್ದರೂ ಸೋಲುತ್ತಿರುವ ದೇಹಕ್ಕೆ ಲಸಿಕೆ ಏನನ್ನು ಕೊಡಬೇಕು? ಐವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ವಿಜ್ಞಾನಿಗಳು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಹಲವು ಲಸಿಕೆಗಳು ತಯಾರಾದವು, ಎರಡು ಕೊನೆಯ ಹಂತದ ದೊಡ್ಡ ಪ್ರಯೋಗದವರೆಗೂ ಹೋದವು. ಮಾರುಕಟ್ಟೆಗೆ ಒಂದೂ ಬರಲಿಲ್ಲ. ಈ ಸೋಲುಗಳನ್ನು ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿದರೆ ಅವು ಎಲ್ಲಕ್ಕಿಂತ ಮುಖ್ಯವಾಗಿ ಹೇಳುವ ಮಾತು ಇದು: ಈ ಬ್ಯಾಕ್ಟೀರಿಯ ನೆಲೆಯೂರಿದ ಮೇಲೆ ಲಸಿಕೆಗೆ ಕೆಲಸವಿಲ್ಲ, ಗೆಲ್ಲುವುದಿದ್ದರೆ ಅದಕ್ಕೂ ಮೊದಲೇ ಗೆಲ್ಲಬೇಕು. ಹಾಗಾಗಿ ಲಸಿಕೆಯ ಕಥೆ ಪ್ರಯೋಗಾಲಯದಲ್ಲಿ ಮುಗಿಯುವುದಿಲ್ಲ. ಮಗುವಿನ ಕಾಯಿಲೆಯನ್ನು ಎಷ್ಟು ಬೇಗ ಗುರುತಿಸುತ್ತೇವೆ ಎಂಬಲ್ಲಿಗೂ ಅದು ಬಂದು ನಿಲ್ಲುತ್ತದೆ.

ಉಪ್ಪು, ನೀರು ಮತ್ತು ಲೋಳೆ

ಸಿಸ್ಟಿಕ್ ಫೈಬ್ರೋಸಿಸ್ ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಲ್ಲ, ಹುಟ್ಟಿನಿಂದಲೇ ಬರುವಂಥದ್ದು. ನಮ್ಮ 7ನೇ ವರ್ಣತಂತುವಿನಲ್ಲಿ ಸಿಎಫ್‌ಟಿಆರ್ ಎಂಬ ಜೀನ್ ಇದೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ಪ್ರತಿಗಳು ಪ್ರತಿಯೊಬ್ಬರಲ್ಲೂ ಇರುತ್ತವೆ. ಎರಡೂ ಕೆಟ್ಟಿದ್ದರೆ ಮಾತ್ರ ಕಾಯಿಲೆ. ಒಂದು ಕೆಟ್ಟಿದ್ದರೆ ಆ ವ್ಯಕ್ತಿ ವಾಹಕ, ಆರೋಗ್ಯವಾಗಿಯೇ ಇರುತ್ತಾರೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

1938ರಲ್ಲಿ ನ್ಯೂಯಾರ್ಕಿನ ವೈದ್ಯೆ ಡೊರೊಥಿ ಆಂಡರ್ಸನ್ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಮೊದಲು ಸ್ಪಷ್ಟವಾಗಿ ವಿವರಿಸಿದರು. ಮೇದೋಜೀರಕ ಗ್ರಂಥಿ ಹಾಳಾಗಿ, ತಿಂದದ್ದು ಜೀರ್ಣವಾಗದೆ ಮಕ್ಕಳು ಸೊರಗುವುದು ಆಗ ಎದ್ದು ಕಾಣುತ್ತಿದ್ದ ಲಕ್ಷಣ. 1948ರ ಬೇಸಿಗೆಯಲ್ಲಿ ನ್ಯೂಯಾರ್ಕ್ ನಗರಕ್ಕೆ ಭಾರಿ ಬಿಸಿಗಾಳಿ ಬಡಿದಾಗ ಈ ಮಕ್ಕಳೇ ಹೆಚ್ಚಾಗಿ ನಿತ್ರಾಣಗೊಂಡು ಆಸ್ಪತ್ರೆ ಸೇರಿದರು. ಅವರ ಬೆವರಿನಲ್ಲಿ ಉಪ್ಪು ವಿಪರೀತ ಹೋಗುತ್ತಿದೆ ಎಂಬುದನ್ನು ಪೌಲ್ ಡಿ ಸಾಂಟ್ ಆಗ್ನೀಸ್ 1953ರಲ್ಲಿ ತೋರಿಸಿದರು. ಮಗುವಿನ ಹಣೆಗೆ ಮುತ್ತಿಟ್ಟಾಗ ಉಪ್ಪುಪ್ಪಾಗಿ ತಿಳಿಯುವುದು ಈ ಕಾಯಿಲೆಯ ಗುರುತು. 1959ರಲ್ಲಿ ಗಿಬ್ಸನ್ ಮತ್ತು ಕುಕ್ ರೂಪಿಸಿದ ಬೆವರು ಪರೀಕ್ಷೆ ಇಂದಿಗೂ ರೋಗಪತ್ತೆಯ ಮುಖ್ಯ ಆಧಾರ. ಬೆವರಿನ ಕ್ಲೋರೈಡ್ ಪ್ರಮಾಣ ಲೀಟರಿಗೆ 60 ಮಿಲಿಮೋಲ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕಾಯಿಲೆ ಇದೆ ಎಂದು ಬಹುತೇಕ ಖಚಿತ. ಜೀನ್ ಸಿಕ್ಕಿದ್ದು 1989ರಲ್ಲಿ, ಲ್ಯಾಪ್ ಚೀ ಸೂಯಿ, ಜಾನ್ ರಿಯೋರ್ಡನ್ ಮತ್ತು ಫ್ರಾನ್ಸಿಸ್ ಕಾಲಿನ್ಸ್ ಅವರ ತಂಡಗಳಿಗೆ.

ಸಿಎಫ್‌ಟಿಆರ್ ಜೀನ್ ತಯಾರಿಸುವ ಪ್ರೋಟೀನು ಜೀವಕೋಶದ ಹೊದಿಕೆಯಲ್ಲಿ ನಿಂತು ಕ್ಲೋರೈಡ್ ಮತ್ತು ಬೈಕಾರ್ಬನೇಟ್ ಅಯಾನುಗಳಿಗೆ ದಾರಿ ಕೊಡುತ್ತದೆ. ಉಪ್ಪು ಹೋದತ್ತ ನೀರು ಹೋಗುತ್ತದೆ. ಶ್ವಾಸನಾಳದ ಒಳಮೈಯಲ್ಲಿ ಈ ದಾರಿ ಮುಚ್ಚಿದರೆ ಅಲ್ಲಿನ ತೆಳುನೀರಿನ ಪದರ ಒಣಗುತ್ತದೆ, ಲೋಳೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉಸಿರಿನ ಜೊತೆ ಒಳಬಂದ ಧೂಳು ಮತ್ತು ಸೂಕ್ಷ್ಮಜೀವಿಗಳನ್ನು ನಮ್ಮೆಲ್ಲರ ಶ್ವಾಸನಾಳದ ನವಿರು ಕೂದಲುಗಳು ಸದಾ ಮೇಲಕ್ಕೆ ತಳ್ಳುತ್ತಿರುತ್ತವೆ. ಗಟ್ಟಿ ಲೋಳೆಯಲ್ಲಿ ಅವು ಅಲುಗಾಡಲಾರವು. ಒಳಬಂದದ್ದು ಒಳಗೇ ಉಳಿಯುತ್ತದೆ.

ಎಲ್ಲೆಲ್ಲೂ ಇರುವ ಬ್ಯಾಕ್ಟೀರಿಯ

ಈ ಮಕ್ಕಳ ಶ್ವಾಸಕೋಶಕ್ಕೆ ಮೊದಲು ಬರುವುದು ಸಾಮಾನ್ಯವಾಗಿ ಸ್ಟೆಫೈಲೊಕಾಕಸ್ ಆರಿಯಸ್ ಮತ್ತು ಹೀಮೊಫಿಲಸ್. ಆದರೆ ಬಂದು ತಳವೂರಿ, ವರ್ಷಗಟ್ಟಲೆ ನಿಂತು, ಶ್ವಾಸಕೋಶವನ್ನು ಹಂತ ಹಂತವಾಗಿ ಹಾಳುಮಾಡುವುದರಲ್ಲಿ ಸ್ಯೂಡೊಮೊನಾಸ್ ಏರುಜಿನೋಸಾಗೆ ಸಾಟಿಯಿಲ್ಲ. 1882ರಲ್ಲಿ ಫ್ರಾನ್ಸಿನ ಕಾರ್ಲ್ ಗೆಸಾರ್ ಗಾಯದ ಪಟ್ಟಿಗಳನ್ನು ಹಸಿರು-ನೀಲಿಗೆ ತಿರುಗಿಸುತ್ತಿದ್ದ ಕೀವಿನಿಂದ ಇದನ್ನು ಬೇರ್ಪಡಿಸಿದರು. ಮಣ್ಣು, ಕೆರೆನೀರು, ನಲ್ಲಿಯ ಬಾಯಿ, ಬಚ್ಚಲು, ಆಸ್ಪತ್ರೆಯ ಸಿಂಕು, ತೇವ ಇರುವ ಎಲ್ಲ ಕಡೆಯೂ ಇದು ಬದುಕುತ್ತದೆ. ಆರೋಗ್ಯವಂತರಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಸುಟ್ಟಗಾಯ ಆದವರಿಗೆ, ವೆಂಟಿಲೇಟರಿನಲ್ಲಿ ಇರುವವರಿಗೆ, ಕ್ಯಾನ್ಸರ್ ಚಿಕಿತ್ಸೆಯಿಂದ ಬಿಳಿ ರಕ್ತಕಣ ಕುಗ್ಗಿದವರಿಗೆ ಇದು ಮಾರಕ.

2000ದಲ್ಲಿ ಇದರ ಸಂಪೂರ್ಣ ಜೀನೋಮ್ ಓದಿದಾಗ 5,500ಕ್ಕೂ ಹೆಚ್ಚು ಜೀನ್‌ಗಳು ಕಂಡವು. ಬ್ಯಾಕ್ಟೀರಿಯಕ್ಕೆ ಇದು ದೊಡ್ಡ ಸಂಪತ್ತು. ಎಂಥ ಪರಿಸರ ಬಂದರೂ ಹೊಂದಿಕೊಳ್ಳುವ ಸಾಮರ್ಥ್ಯದ ಮೂಲ ಇಲ್ಲಿದೆ. ಆ ಹೊಂದಾಣಿಕೆಯ ಅತ್ಯಂತ ಕಠೋರ ಉದಾಹರಣೆ ಸಿಸ್ಟಿಕ್ ಫೈಬ್ರೋಸಿಸ್ ಇರುವವರ ಶ್ವಾಸಕೋಶದೊಳಗೇ ನಡೆಯುತ್ತದೆ.

ಹೊರಗಿನಿಂದ ಹೊಸದಾಗಿ ಬಂದ ಬ್ಯಾಕ್ಟೀರಿಯಕ್ಕೆ ಈಜಲು ಕಶಾಂಗ ಎಂಬ ಬಾಲವಿರುತ್ತದೆ. ಬ್ಯಾಕ್ಟೀರಿಯದ ಹೊರಮೈಯಲ್ಲಿ ಓ-ಆಂಟಿಜೆನ್ ಎಂಬ ಉದ್ದನೆಯ ಸಕ್ಕರೆ ಸರಪಳಿಗಳು ಇರುತ್ತವೆ. ನಮ್ಮ ದೇಹ ಗುರುತು ಹಿಡಿಯುವುದು ಮುಖ್ಯವಾಗಿ ಇವನ್ನೇ. ತಿಂಗಳುಗಳು, ವರ್ಷಗಳು ಕಳೆದಂತೆ ಒಳಗೆ ಉಳಿದ ಬ್ಯಾಕ್ಟೀರಿಯಗಳಲ್ಲಿ ರೂಪಾಂತರಗಳು ಸೇರುತ್ತ ಹೋಗುತ್ತವೆ. ಬಾಲ ಹೋಗುತ್ತದೆ, ಸಕ್ಕರೆ ಸರಪಳಿಗಳು ಉದುರುತ್ತವೆ. ಮ್ಯೂಕ್-ಎ ಎಂಬ ಜೀನ್ ಕೆಟ್ಟಾಗ ಬ್ಯಾಕ್ಟೀರಿಯ ಆಲ್ಜಿನೇಟ್ ಎಂಬ ಅಂಟುಸಕ್ಕರೆಯನ್ನು ಎಗ್ಗಿಲ್ಲದೆ ಸುರಿಸತೊಡಗುತ್ತದೆ. ಕೊನೆಗೆ ಕಲ್ಯಾಣಿಯ ಮೆಟ್ಟಿಲಿಗೆ ಪಾಚಿ ಹಿಡಿದಂತೆ ಇಡೀ ಸಮುದಾಯವೇ ಒಂದು ಜಾರುವ, ಕೆರೆದರೂ ಬಾರದ ಪದರವಾಗಿ ನಿಲ್ಲುತ್ತದೆ. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಗಟ್ಟಿ ಲೋಳೆಯ ಒಳಭಾಗದಲ್ಲಿ ಆಮ್ಲಜನಕವೂ ತೀರಾ ಕಡಿಮೆ ಎಂದು ಜರ್ಮನಿಯ ಟ್ಯೂಬಿಂಗನ್‌ನ ಗೆರ್ಡ್ ಡೋರಿಂಗ್ ಅವರ ತಂಡ 2002ರಲ್ಲಿ ತೋರಿಸಿತು. ಅಲ್ಲಿ ಸ್ಯೂಡೊಮೊನಾಸ್ ನೈಟ್ರೇಟ್ ಬಳಸಿ ಬದುಕಬಲ್ಲದು. ಹೀಗೆ ನಿಧಾನವಾಗಿ ಬೆಳೆಯುವ, ಪದರದೊಳಗೆ ಅವಿತ ಬ್ಯಾಕ್ಟೀರಿಯವನ್ನು ಪ್ರತಿಜೀವಕಗಳು ತಗ್ಗಿಸಬಲ್ಲವು, ಬೇರುಸಹಿತ ತೆಗೆಯಲಾರವು.

ಲಸಿಕೆ ತಯಾರಕರ ಕಷ್ಟ ಇಲ್ಲಿಂದಲೇ ಶುರುವಾಗುತ್ತದೆ. ಬಾಲವನ್ನು ಗುರಿ ಮಾಡಿದರೆ ಹಳೆಯ ಸೋಂಕಿನ ಬ್ಯಾಕ್ಟೀರಿಯಕ್ಕೆ ಬಾಲವೇ ಇರುವುದಿಲ್ಲ. ಸಕ್ಕರೆ ಸರಪಳಿಯನ್ನು ಗುರಿ ಮಾಡಿದರೆ ಅದರಲ್ಲಿ ಹತ್ತಾರು ಬಗೆ, ಜೊತೆಗೆ ಕಾಲ ಕಳೆದಂತೆ ಅದೂ ಮಾಯ.

ಪ್ರತಿಕಾಯ ಏಕೆ ಸೋಲುತ್ತದೆ

ದೇಹ ಸುಮ್ಮನೆ ಕುಳಿತಿರುವುದಿಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಲಕ್ಷಗಟ್ಟಲೆ ಶ್ವಾಸನಾಳಕ್ಕೆ ನುಗ್ಗುತ್ತವೆ. ಪ್ರತಿಕಾಯಗಳು ಬ್ಯಾಕ್ಟೀರಿಯದ ಚೂರುಗಳಿಗೆ ಅಂಟಿ ಸಂಕೀರ್ಣಗಳಾಗುತ್ತವೆ, ಅವನ್ನು ಕಂಡು ಇನ್ನಷ್ಟು ನ್ಯೂಟ್ರೋಫಿಲ್‌ಗಳು ಬರುತ್ತವೆ. ಪದರದೊಳಗಿನ ಬ್ಯಾಕ್ಟೀರಿಯವನ್ನು ನುಂಗಲಾಗದೆ ಈ ಕಣಗಳು ತಮ್ಮ ಕಿಣ್ವಗಳನ್ನು ಹೊರಗೆ ಚೆಲ್ಲಿ ಸಾಯುತ್ತವೆ. ಅವುಗಳಲ್ಲಿ ಮುಖ್ಯವಾದ ಎಲಾಸ್ಟೇಸ್ ಶ್ವಾಸಕೋಶದ ಅಂಗಾಂಶವನ್ನು ಕತ್ತರಿಸುತ್ತದೆ. ಪ್ರತಿಕಾಯಗಳನ್ನೂ, ನ್ಯೂಟ್ರೋಫಿಲ್‌ಗಳ ಮೈಮೇಲಿನ ಗ್ರಾಹಕಗಳನ್ನೂ ತುಂಡರಿಸುತ್ತದೆ. ಅಂದರೆ ಬ್ಯಾಕ್ಟೀರಿಯವನ್ನು ಹಿಡಿದುಕೊಡುವ ಪ್ರತಿಕಾಯ ಮತ್ತು ಅದನ್ನು ನುಂಗುವ ಕಣ ಎರಡೂ ಅದೇ ಜಾಗದಲ್ಲಿ ನಿಷ್ಕ್ರಿಯವಾಗುತ್ತವೆ. ಸೋಂಕು ಉಳಿಯುತ್ತದೆ, ಉರಿಯೂತ ಹೆಚ್ಚುತ್ತದೆ, ಶ್ವಾಸನಾಳದ ಗೋಡೆ ಹಿಗ್ಗಿ ವಿರೂಪಗೊಳ್ಳುತ್ತದೆ. ಹೊಯ್ಬಿ ಅವರು ಕಂಡ ಒಗಟಿಗೆ ಉತ್ತರ ಇಲ್ಲಿದೆ. ಪ್ರತಿಕಾಯದ ಏರಿಕೆ ಗೆಲುವಿನ ಗುರುತಲ್ಲ, ಮುಗಿಯದ ಹೋರಾಟದ ಗುರುತು. ಆ ಹೋರಾಟದಲ್ಲಿ ಸುಡುವುದು ರೋಗಿಯ ಶ್ವಾಸಕೋಶವೇ.

ಇನ್ನೂ ಕಳವಳ ಹುಟ್ಟಿಸುವ ಸಂಗತಿಯೊಂದು 2014ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಿಂದ ಬಂತು. ಶ್ವಾಸನಾಳ ಹಿಗ್ಗಿದ ಬ್ರಾಂಕಿಯೆಕ್ಟಾಸಿಸ್ ರೋಗಿಗಳಲ್ಲಿ ಕೆಲವರ ರಕ್ತ ಸ್ಯೂಡೊಮೊನಾಸ್ ಅನ್ನು ಕೊಲ್ಲಲು ಅಸಮರ್ಥವಾಗಿತ್ತು. ಕಾರಣ ಹುಡುಕಿದ ತಿಮೊತಿ ವೆಲ್ಸ್ ಮತ್ತು ಸಂಗಡಿಗರಿಗೆ ಕಂಡದ್ದು ಓ-ಆಂಟಿಜೆನ್‌ಗೆ ಅಂಟುವ ಐಜಿಜಿ-2 ಬಗೆಯ ಪ್ರತಿಕಾಯದ ಅತಿ ಪ್ರಮಾಣ. ಅದು ಬ್ಯಾಕ್ಟೀರಿಯಕ್ಕೆ ಹೊದಿಕೆಯಾಗಿ ನಿಂತು, ಕೊಲ್ಲಬಲ್ಲ ಅಂಶಗಳನ್ನು ಹತ್ತಿರ ಬಿಡುತ್ತಿರಲಿಲ್ಲ. ಮುಂದೆ ಇಬ್ಬರು ರೋಗಿಗಳ ರಕ್ತದ ಪ್ಲಾಸ್ಮಾ ಬದಲಿಸಿ ಆ ಪ್ರತಿಕಾಯವನ್ನು ತೆಗೆದಾಗ ಅವರ ಸ್ಥಿತಿ ಸುಧಾರಿಸಿತು. ಪ್ರತಿಕಾಯವನ್ನು ತೆಗೆದು ಸೋಂಕಿಗೆ ಚಿಕಿತ್ಸೆ! ಲಸಿಕೆ ಮಾಡುವವರು ಇದನ್ನು ಮರೆಯುವಂತಿಲ್ಲ. ಎಷ್ಟು ಪ್ರತಿಕಾಯ ಎಂಬುದಕ್ಕಿಂತ ಯಾವ ಬಗೆಯದು, ಎಲ್ಲಿ, ಯಾವಾಗ ಎಂಬುದೇ ಇಲ್ಲಿ ನಿರ್ಣಾಯಕ.

ಹಾಗೆಂದು ಪ್ರತಿಕಾಯವೆಲ್ಲ ವ್ಯರ್ಥ ಎನ್ನುವಂತೆಯೂ ಇಲ್ಲ. ಬೋಸ್ಟನ್‌ನ ಜೆರಾಲ್ಡ್ ಪಿಯರ್ 1987ರಲ್ಲಿ ಒಂದು ಸಣ್ಣ ಗುಂಪಿನತ್ತ ಗಮನ ಸೆಳೆದರು. ಸಿಸ್ಟಿಕ್ ಫೈಬ್ರೋಸಿಸ್ ಇದ್ದೂ, ವಯಸ್ಸಾಗಿದ್ದೂ, ಸ್ಯೂಡೊಮೊನಾಸ್ ಅಂಟದೆ ಉಳಿದ ಕೆಲವರು ಇದ್ದರು. ಅವರ ರಕ್ತದಲ್ಲಿ ಆಲ್ಜಿನೇಟ್ ಹೊದಿಕೆಯನ್ನು ಹಿಡಿದು, ಬ್ಯಾಕ್ಟೀರಿಯವನ್ನು ಬಿಳಿ ರಕ್ತಕಣದ ಬಾಯಿಗೆ ಒಪ್ಪಿಸಬಲ್ಲ ಪ್ರತಿಕಾಯ ಇತ್ತು. ದೀರ್ಘ ಸೋಂಕು ಇದ್ದವರಲ್ಲೂ ಆಲ್ಜಿನೇಟ್‌ಗೆ ಅಂಟುವ ಪ್ರತಿಕಾಯ ಬೇಕಾದಷ್ಟಿತ್ತು, ಆದರೆ ಕೊಲ್ಲುವ ಗುಣ ಅದಕ್ಕಿರಲಿಲ್ಲ. ಸರಿಯಾದ ಪ್ರತಿಕಾಯ ಮೊದಲೇ ಇದ್ದರೆ ತಡೆಯಬಹುದು ಎಂಬ ಭರವಸೆ ಇಲ್ಲಿಂದ ಹುಟ್ಟಿತು.

ದೆಹಲಿಯಿಂದ ಬರ್ನ್‌ವರೆಗೆ

ಸ್ಯೂಡೊಮೊನಾಸ್ ಲಸಿಕೆಯ ಇತಿಹಾಸದಲ್ಲಿ ಭಾರತಕ್ಕೂ ಒಂದು ಜಾಗವಿದೆ. 1970ರ ದಶಕದ ಕೊನೆಯಲ್ಲಿ ಬರ್ಮಿಂಗ್‌ಹ್ಯಾಮ್‌ನ ಜೋನ್ಸ್ ಮತ್ತು ರೋ, ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಗುಪ್ತಾ ಅವರೊಡಗೂಡಿ ಸುಟ್ಟಗಾಯದ ರೋಗಿಗಳ ಮೇಲೆ 16 ಬಗೆಯ ಸ್ಯೂಡೊಮೊನಾಸ್‌ಗಳಿಂದ ತೆಗೆದ ಲಸಿಕೆಯೊಂದನ್ನು ಪರೀಕ್ಷಿಸಿದರು. 1979 ಮತ್ತು 1980ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ ಲಸಿಕೆ ಪಡೆದವರಲ್ಲಿ ಸಾವು ಕಡಿಮೆಯಾಗಿತ್ತು. ಸುಟ್ಟಗಾಯದಲ್ಲಿ ಬ್ಯಾಕ್ಟೀರಿಯ ಹೊಸದಾಗಿ ಬಂದು ರಕ್ತಕ್ಕೆ ನುಗ್ಗುತ್ತದೆ. ರಕ್ತದಲ್ಲಿರುವ ಪ್ರತಿಕಾಯಕ್ಕೆ ಅದು ಸುಲಭದಲ್ಲಿ ಸಿಗುತ್ತದೆ.

ಅದೇ ಲಸಿಕೆಯನ್ನು ಬ್ರಿಟನ್ನಿನಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಇರುವವರಿಗೆ ಕೊಟ್ಟು ಮೂರು ವರ್ಷ ಗಮನಿಸಿದಾಗ, 1984ರಲ್ಲಿ ಬಂದ ವರದಿಯ ಪ್ರಕಾರ, ಪ್ರಯೋಜನ ಕಾಣಲಿಲ್ಲ. ಅದಕ್ಕೂ ಮೊದಲು ಅಮೆರಿಕದಲ್ಲಿ ಪಾರ್ಕ್ ಡೇವಿಸ್ ಕಂಪನಿಯ ಏಳು ಬಗೆಗಳ ಲಸಿಕೆಯೂ ಇದೇ ಹಾದಿ ಹಿಡಿದಿತ್ತು. ಅದು ಜ್ವರ ಮತ್ತು ನೋವು ತಂದಿತು, ಈಗಾಗಲೇ ಸೋಂಕು ನೆಲೆಸಿದ್ದ ರೋಗಿಗಳಿಗೆ ಸಹಾಯ ಮಾಡಲಿಲ್ಲ.

ಮುಂದಿನ ಪ್ರಯತ್ನ ಸ್ವಿಟ್ಜರ್ಲೆಂಡಿನದು. ಸಕ್ಕರೆಯ ಅಣುವನ್ನು ಪ್ರೋಟೀನಿಗೆ ಜೋಡಿಸಿದರೆ ಎಳೆಯ ಮಕ್ಕಳಲ್ಲೂ ಗಟ್ಟಿಯಾದ, ನೆನಪಿರುವ ಪ್ರತಿರೋಧ ಹುಟ್ಟುತ್ತದೆ. ನಮ್ಮ ಅಂಗನವಾಡಿಗಳಲ್ಲಿ ಕೊಡುವ ಪೆಂಟಾವೇಲೆಂಟ್ ಲಸಿಕೆಯ ಹಿಬ್ ಭಾಗ ಇದೇ ತಂತ್ರದ್ದು. ಬರ್ನ್ ನಗರದಲ್ಲಿ ಸ್ಟ್ಯಾನ್ಲಿ ಕ್ರಿಜ್ ಅವರ ತಂಡ ಎಂಟು ಬಗೆಯ ಓ-ಆಂಟಿಜೆನ್‌ಗಳನ್ನು ಸ್ಯೂಡೊಮೊನಾಸ್‌ನದೇ ಟಾಕ್ಸಿನ್-ಎ ಪ್ರೋಟೀನಿಗೆ ಜೋಡಿಸಿತು. ಏರುಜೆನ್ ಎಂದು ಹೆಸರಾದ ಈ ಲಸಿಕೆಯನ್ನು ಇನ್ನೂ ಸೋಂಕು ತಗುಲದ ಮಕ್ಕಳಿಗೆ 1989ರಿಂದ ಕೊಡತೊಡಗಿದರು, ವರ್ಷವರ್ಷವೂ ಮರುಡೋಸ್ ಕೊಟ್ಟರು. 2004ರಲ್ಲಿ ಪ್ರಕಟವಾದ 10 ವರ್ಷಗಳ ಫಲಿತಾಂಶ ಹೃದಯ ಅರಳಿಸುವಂತಿತ್ತು: ಲಸಿಕೆ ಪಡೆದ 25 ಜನರಲ್ಲಿ ಸೋಂಕು ತಗುಲಿದ್ದು 8 ಮಂದಿಗೆ, ಲಸಿಕೆ ಪಡೆಯದ 25 ಜನರಲ್ಲಿ 18 ಮಂದಿಗೆ. ಆದರೆ ಅದು ಸಣ್ಣ ಗುಂಪು. ಚೀಟಿ ಎತ್ತಿ ಹಂಚಿದ ಗುಂಪುಗಳೂ ಅಲ್ಲ. ಖಚಿತವಾಗಲು ದೊಡ್ಡ ಪ್ರಯೋಗ ಬೇಕಿತ್ತು. ಯುರೋಪಿನಲ್ಲಿ 476 ರೋಗಿಗಳ ಮೇಲೆ ಅದು ನಡೆಯಿತು. 2006ರಲ್ಲಿ ಲಸಿಕೆಯ ಹೊಣೆ ಹೊತ್ತಿದ್ದ ಕ್ರುಸೆಲ್ ಕಂಪನಿ, ಅದು ನಿರೀಕ್ಷಿತ ಗುರಿ ಮುಟ್ಟಲಿಲ್ಲ ಎಂದು ಪ್ರಕಟಿಸಿ ಕೆಲಸ ನಿಲ್ಲಿಸಿತು. ಅದಕ್ಕಿಂತ ದುಃಖದ ಸಂಗತಿಯೆಂದರೆ ಆ ಪ್ರಯೋಗದ ಪೂರ್ಣ ವಿವರ ವೈಜ್ಞಾನಿಕ ಪತ್ರಿಕೆಯಲ್ಲಿ ಬರಲೇ ಇಲ್ಲ. ನೂರಾರು ಕುಟುಂಬಗಳು ತಮ್ಮ ಮಕ್ಕಳ ತೋಳನ್ನು ಒಡ್ಡಿ ಗಳಿಸಿಕೊಟ್ಟ ಜ್ಞಾನ ಅದು. ಸೋತ ಪ್ರಯೋಗದ ಒಂದೊಂದು ಅಂಕಿಯೂ ಮುಂದಿನವರಿಗೆ ದಾರಿ ತೋರಬೇಕಿತ್ತು.

ಇನ್ನೊಂದು ದೊಡ್ಡ ಪ್ರಯೋಗ ಡೋರಿಂಗ್ ಅವರದು. ಅವರು ಗುರಿ ಮಾಡಿದ್ದು ಬ್ಯಾಕ್ಟೀರಿಯದ ಬಾಲವನ್ನು. ಹಳೆಯ ಸೋಂಕಿನಲ್ಲಿ ಬಾಲ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಆದರೆ ಹೊಸದಾಗಿ ಬರುವ ಬ್ಯಾಕ್ಟೀರಿಯಕ್ಕೆ ಬಾಲ ಬೇಕೇ ಬೇಕು. ಬರುವಾಗಲೇ ಹಿಡಿಯುವುದು ಅವರ ತರ್ಕ. ಸೋಂಕಿಲ್ಲದ 483 ರೋಗಿಗಳನ್ನು ಎರಡು ಗುಂಪು ಮಾಡಿ, ಯಾರಿಗೆ ಲಸಿಕೆ, ಯಾರಿಗೆ ಹುಸಿಮದ್ದು ಎಂಬುದು ವೈದ್ಯರಿಗೂ ರೋಗಿಗಳಿಗೂ ತಿಳಿಯದಂತೆ ನಡೆಸಿದ ಪ್ರಯೋಗ ಇದು. 2007ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಲಸಿಕೆಯ ಗುಂಪಿನ 239 ಜನರಲ್ಲಿ 82 ಮಂದಿಗೆ ಸೋಂಕು ಬಂದಿತ್ತು, ಹುಸಿಮದ್ದಿನ 244ರಲ್ಲಿ 105 ಮಂದಿಗೆ. ಎಲ್ಲ ಡೋಸ್‌ಗಳನ್ನೂ ನಿಯಮದಂತೆ ಪಡೆದವರನ್ನು ಮಾತ್ರ ಲೆಕ್ಕ ಹಾಕಿದರೆ ಸೋಂಕಿನ ಅಪಾಯ ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು. ಲಸಿಕೆಯಲ್ಲಿದ್ದ ಬಾಲದ ಬಗೆಗಳನ್ನೇ ಹೊತ್ತ ಬ್ಯಾಕ್ಟೀರಿಯಗಳು ಲಸಿಕೆ ಪಡೆದವರಲ್ಲಿ ನಿಜಕ್ಕೂ ಕಡಿಮೆ ಸಿಕ್ಕಿದ್ದವು.

ಇದನ್ನು ಸೋಲು ಎನ್ನಲಾಗದು. ಸಾಧಾರಣ ಗೆಲುವು ಎನ್ನಬಹುದು. ಆದರೂ ಲಸಿಕೆ ಮುಂದೆ ಹೋಗಲಿಲ್ಲ. ಅಷ್ಟರಲ್ಲಿ ಕೋಪನ್‌ಹೇಗನ್‌ನವರು ಇನ್ನೊಂದು ದಾರಿ ತೋರಿಸಿದ್ದರು. ಕಫದಲ್ಲಿ ಸ್ಯೂಡೊಮೊನಾಸ್ ಮೊದಲ ಸಲ ಕಂಡ ಕೂಡಲೇ, ರೋಗಲಕ್ಷಣಕ್ಕೆ ಕಾಯದೆ, ಉಸಿರಿನ ಮೂಲಕ ಕೊಲಿಸ್ಟಿನ್ ಮತ್ತು ಬಾಯಿಯ ಮೂಲಕ ಸಿಪ್ರೊಫ್ಲಾಕ್ಸಸಿನ್ ಕೊಟ್ಟರೆ ದೀರ್ಘ ಸೋಂಕನ್ನು ಮುಂದೂಡಬಹುದು ಎಂದು 1991ರಲ್ಲೇ ಅವರು ತೋರಿಸಿದ್ದರು. ಸೋಂಕು ಇರುವವರನ್ನೂ ಇಲ್ಲದವರನ್ನೂ ಆಸ್ಪತ್ರೆಯಲ್ಲಿ ಬೇರೆ ಬೇರೆ ಇಡುವ ಪದ್ಧತಿಯೂ ಅಲ್ಲಿ 1980ರ ದಶಕದ ಆರಂಭದಲ್ಲೇ ಬಂದಿತ್ತು. ಇವುಗಳಿಂದ ಯುರೋಪಿನಲ್ಲಿ ದೀರ್ಘ ಸೋಂಕು ಇಳಿಯಿತು. ಮಕ್ಕಳಿಗೆ ಇದು ವರ. ಆದರೆ ಸೋಂಕು ಕಡಿಮೆಯಾದಷ್ಟೂ ಲಸಿಕೆಯ ಫಲ ತೋರಿಸಲು ಹೆಚ್ಚು ಹೆಚ್ಚು ರೋಗಿಗಳು, ಹೆಚ್ಚು ವರ್ಷಗಳು ಬೇಕಾಗುತ್ತವೆ. ಅಪರೂಪದ ಕಾಯಿಲೆಯಲ್ಲಿ ಅಷ್ಟು ರೋಗಿಗಳು ಎಲ್ಲಿಂದ ಬರಬೇಕು? ಲಾಭದ ಲೆಕ್ಕ ಹಾಕುವ ಕಂಪನಿಗಳು ಹಿಂದೆ ಸರಿದವು.

ಸಿದ್ಧ ಪ್ರತಿಕಾಯವನ್ನೇ ಕೊಡುವ ಪ್ರಯತ್ನಗಳೂ ನಡೆದವು. ಸ್ವೀಡನ್ನಿನ ಉಪ್ಸಾಲದಲ್ಲಿ ಲಸಿಕೆ ಹಾಕಿದ ಕೋಳಿಗಳ ಮೊಟ್ಟೆಯ ಹಳದಿಯಿಂದ ತೆಗೆದ ಪ್ರತಿಕಾಯವನ್ನು ಪ್ರತಿರಾತ್ರಿ ಬಾಯಿ ಮುಕ್ಕಳಿಸಲು ಕೊಟ್ಟರು. ಮೊದಲ ವರ್ಷಗಳ ಅನುಭವ ಆಸೆ ಹುಟ್ಟಿಸಿತು, ಆದರೆ ಯುರೋಪಿನ ಹಲವು ಕೇಂದ್ರಗಳ ಪ್ರಯೋಗದಲ್ಲಿ ಅದು ನಿಲ್ಲಲಿಲ್ಲ. ಬ್ಯಾಕ್ಟೀರಿಯ ನಮ್ಮ ಜೀವಕೋಶಕ್ಕೆ ವಿಷ ಚುಚ್ಚಲು ಬಳಸುವ ಸೂಜಿಯ ತುದಿಯಲ್ಲಿ ಪಿಸಿಆರ್‌ವಿ ಎಂಬ ಪ್ರೋಟೀನು ಇದೆ. ಅದಕ್ಕೆ ಅಂಟುವ ಪ್ರತಿಕಾಯವೊಂದನ್ನು ದೀರ್ಘ ಸೋಂಕಿನ 182 ರೋಗಿಗಳ ಮೇಲೆ ಪರೀಕ್ಷಿಸಿ 2015ರಲ್ಲಿ ಕೈಬಿಟ್ಟರು. ಸಿಸ್ಟಿಕ್ ಫೈಬ್ರೋಸಿಸ್‌ನ ಆಚೆ, ವೆಂಟಿಲೇಟರಿನಲ್ಲಿದ್ದ ಸುಮಾರು 800 ರೋಗಿಗಳ ಮೇಲೆ ಬ್ಯಾಕ್ಟೀರಿಯದ ಹೊರಪೊರೆಯ ಎರಡು ಪ್ರೋಟೀನುಗಳ ಲಸಿಕೆ ಪರೀಕ್ಷೆಗೊಳಗಾಯಿತು. ಪ್ರತಿಕಾಯ ಚೆನ್ನಾಗಿಯೇ ಹುಟ್ಟಿತು. ಸಾವು ಮಾತ್ರ ತಗ್ಗಲಿಲ್ಲ.

ಮುಂದಿನ ಲಸಿಕೆ ಹೇಗಿರಬೇಕು

ಈ ಸಾಲು ಸಾಲು ಪ್ರಯತ್ನಗಳಿಂದ ಮೂರು ಪಾಠಗಳನ್ನು ಕಲಿಯಬಹುದು. ಮೊದಲನೆಯದು ಜಾಗ. ತೋಳಿಗೆ ಚುಚ್ಚಿದ ಲಸಿಕೆ ರಕ್ತದಲ್ಲಿ ಪ್ರತಿಕಾಯ ತುಂಬುತ್ತದೆ, ಹೋರಾಟ ನಡೆಯುವುದು ಶ್ವಾಸನಾಳದ ಮೇಲ್ಮೈಯಲ್ಲಿ. ಆದ್ದರಿಂದ ಮೂಗಿನ ಮೂಲಕ ಕೊಟ್ಟು ಅಲ್ಲೇ ಪ್ರತಿರೋಧ ಹುಟ್ಟಿಸುವ ದಾರಿಗಳನ್ನು ಹುಡುಕುತ್ತಿದ್ದಾರೆ. ಎರಡನೆಯದು ಬಗೆ. ಬೋಸ್ಟನ್ನಿನಲ್ಲಿ ಗ್ರೆಗರಿ ಪ್ರೀಬೆ ಮತ್ತು ಪಿಯರ್ ಅವರ ತಂಡಗಳು, ದುರ್ಬಲಗೊಳಿಸಿದ ಜೀವಂತ ಸ್ಯೂಡೊಮೊನಾಸ್ ಅನ್ನು ಇಲಿಗಳ ಮೂಗಿಗೆ ಹಾಕಿದಾಗ ಟಿಎಚ್-17 ಎಂಬ ಟಿ-ಕೋಶಗಳು ಎದ್ದು, ಓ-ಆಂಟಿಜೆನ್ ಬೇರೆಯಾಗಿದ್ದ ತಳಿಗಳಿಂದಲೂ ರಕ್ಷಣೆ ಸಿಗುವುದನ್ನು ಕಂಡವು. ಆ ಕೋಶಗಳು ಗುರುತಿಸುವ ಪಾಪ್-ಬಿ ಎಂಬ ಪ್ರೋಟೀನನ್ನೂ ಹೆಕ್ಕಿ ತೆಗೆದವು. ಇಲ್ಲೊಂದು ಇಕ್ಕಟ್ಟಿದೆ. ಟಿಎಚ್-17 ಕೋಶಗಳು ಕರೆಯುವುದು ನ್ಯೂಟ್ರೋಫಿಲ್‌ಗಳನ್ನೇ. ಸೋಂಕಿಲ್ಲದ ಮಗುವಿನಲ್ಲಿ ಅದು ರಕ್ಷಣೆ, ಸೋಂಕು ಬೇರೂರಿದ ಶ್ವಾಸಕೋಶದಲ್ಲಿ ಅದೇ ಉರಿಯನ್ನು ಹೆಚ್ಚಿಸಬಹುದು. ಕೋವಿಡ್ ಲಸಿಕೆಗಳಿಂದ ಪರಿಚಿತವಾದ ಎಂಆರ್‌ಎನ್‌ಎ ತಂತ್ರದಿಂದಲೂ ಇಲಿಗಳಲ್ಲಿ ಪ್ರಯೋಗ ನಡೆದಿದೆ. ಹಲವು ಗುರಿಗಳನ್ನು ಒಂದೇ ಲಸಿಕೆಯಲ್ಲಿ ಸೇರಿಸುವುದು ಆ ತಂತ್ರದಲ್ಲಿ ಸುಲಭ.

ಮೂರನೆಯ ಪಾಠ ಕಾಲ. ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಅಮೆರಿಕದ ಜೇನ್ ಬರ್ನ್ಸ್ ಮತ್ತು ಸಹೋದ್ಯೋಗಿಗಳು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಶ್ವಾಸನಾಳದ ಮಾದರಿಯ ಪರೀಕ್ಷೆ ಮತ್ತು ರಕ್ತದ ಪ್ರತಿಕಾಯ ಎರಡನ್ನೂ ಸೇರಿಸಿ ನೋಡಿದಾಗ, ಅವರು ಗಮನಿಸಿದ ಮಕ್ಕಳಲ್ಲಿ 97.5 ಪ್ರತಿಶತ ಮಕ್ಕಳಿಗೆ 3 ವರ್ಷ ತುಂಬುವುದರೊಳಗೆ ಸ್ಯೂಡೊಮೊನಾಸ್‌ನ ಸೋಂಕು ತಗುಲಿದ ಕುರುಹು ಇತ್ತು. ಅಂದರೆ ಲಸಿಕೆಗೆ ಸಿಗುವ ಅವಕಾಶ ತೊಟ್ಟಿಲಿನಿಂದ ಮೊದಲ ಹೆಜ್ಜೆಗಳವರೆಗಿನದು. ಮಗು ಆ ವಯಸ್ಸಿನಲ್ಲಿರುವಾಗಲೇ ಕಾಯಿಲೆ ಪತ್ತೆಯಾಗಿರಬೇಕು.

2012ರಿಂದ ಈ ಕಾಯಿಲೆಯ ಚಿತ್ರಣ ಬದಲಾಗಿದೆ ಎಂಬುದೂ ನಿಜ. ಕೆಟ್ಟ ಸಿಎಫ್‌ಟಿಆರ್ ಪ್ರೋಟೀನನ್ನೇ ಸರಿಪಡಿಸುವ ಔಷಧಗಳು ಬಂದವು. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೂರು ಔಷಧಗಳ ಜೋಡಣೆ ಟ್ರಿಕಾಫ್ಟಾ ಸಾವಿರಾರು ಜನರ ಬದುಕನ್ನು ಹಿಂದಿರುಗಿಸಿದೆ. ಹಾಗಾದರೆ ಲಸಿಕೆಯ ಅಗತ್ಯ ಮುಗಿಯಿತೇ? ಇಲ್ಲ. ಡಬ್ಲಿನ್‌ನಲ್ಲಿ ಇಂಥದೇ ಐವಕಾಫ್ಟರ್ ಔಷಧ ಶುರು ಮಾಡಿದವರನ್ನು ಗಮನಿಸಿದಾಗ ಸ್ಯೂಡೊಮೊನಾಸ್ ಮೊದಲು ಚುರುಕಾಗಿ ಇಳಿಯಿತು, ಎರಡನೇ ವರ್ಷಕ್ಕೆ ಅದೇ ಹಳೆಯ ತಳಿ ಮತ್ತೆ ಏರಿತು. ಒಮ್ಮೆ ನೆಲೆಸಿದ್ದು ಸುಲಭದಲ್ಲಿ ಬಿಟ್ಟು ಹೋಗುವುದಿಲ್ಲ. ಇನ್ನು ಬೆಲೆ. ಟ್ರಿಕಾಫ್ಟಾಗೆ ಅಮೆರಿಕದಲ್ಲಿ ನಿಗದಿಯಾದ ದರ ಒಬ್ಬರಿಗೆ ವರ್ಷಕ್ಕೆ 3 ಲಕ್ಷ ಡಾಲರ್‌ಗೂ ಹೆಚ್ಚು. ಭಾರತದ ಮಧ್ಯಮ ವರ್ಗದ ಕುಟುಂಬವೂ ಮುಟ್ಟಲಾಗದ ಮೊತ್ತ ಅದು. ಇಲ್ಲಿನ ತಂದೆ ತಾಯಂದಿರು ಪೇಟೆಂಟ್ ಕಾನೂನಿನ ಮೊರೆ ಹೋಗಿದ್ದು ಅದಕ್ಕೇ.

ನಮ್ಮ ಮಕ್ಕಳಲ್ಲೂ ಇದೆ

ಸಿಸ್ಟಿಕ್ ಫೈಬ್ರೋಸಿಸ್ ಬಿಳಿಯರ ಕಾಯಿಲೆ, ನಮ್ಮಲ್ಲಿಲ್ಲ ಎಂದು ಬಹುಕಾಲ ನಂಬಿದ್ದರು. ಭಾರತದಲ್ಲಿ ಮೊದಲ ವರದಿ ಬಂದದ್ದು 1968ರಲ್ಲಿ. ಆಮೇಲೆ ದೆಹಲಿಯ ಏಮ್ಸ್‌ನಲ್ಲಿ ಎಸ್.ಕೆ. ಕಾಬ್ರಾ ಮತ್ತು ಸಂಗಡಿಗರು, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಈ ಮಕ್ಕಳನ್ನು ಹುಡುಕಿ ಗುರುತಿಸಿದರು. ಏಮ್ಸ್ ತಂಡದ ಅಂದಾಜಿನಂತೆ ಸರಿಸುಮಾರು 43 ಸಾವಿರದಿಂದ 1 ಲಕ್ಷ ಜನನಗಳಿಗೆ ಒಂದು ಮಗುವಿಗೆ ಈ ಕಾಯಿಲೆ ಇರಬಹುದು. ಪ್ರಮಾಣ ಸಣ್ಣದು, ದೇಶ ದೊಡ್ಡದು. ಯುರೋಪಿಯನ್ನರಲ್ಲಿ ಬಹುಪಾಲಿಗೆ ಕಾರಣವಾದ ಎಫ್-508 ರೂಪಾಂತರ ನಮ್ಮಲ್ಲಿ ಅಷ್ಟಾಗಿ ಇಲ್ಲ, ಬೇರೆ ರೂಪಾಂತರಗಳು ಹೆಚ್ಚು. ಸಾಮಾನ್ಯ ಜೀನ್ ಪರೀಕ್ಷೆಯಲ್ಲಿ ಅವು ತಪ್ಪಿಹೋಗುತ್ತವೆ. ಕೆಮ್ಮು, ಕಫ, ತೂಕ ಏರದ ಮಗು ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಕ್ಷಯ, ನ್ಯುಮೋನಿಯ, ಅಪೌಷ್ಟಿಕತೆ. ಹೀಗೆ ವರ್ಷಗಳು ಉರುಳುತ್ತವೆ, ಮಗು ಸರಿಯಾದ ವೈದ್ಯರ ಬಳಿ ಬರುವಾಗ ಸ್ಯೂಡೊಮೊನಾಸ್ ಬಂದು ಕುಳಿತಿರುತ್ತದೆ.

ಕರ್ನಾಟಕದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಕಾಯಿಲೆಗಳ ಅಪಾಯ ರಕ್ತಸಂಬಂಧದ ಮದುವೆಗಳಲ್ಲಿ ಹೆಚ್ಚು. 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನಾಲ್ಕರಲ್ಲಿ ಒಂದಕ್ಕೂ ಹೆಚ್ಚು ಮದುವೆಗಳು ಸೋದರಮಾವ, ಅತ್ತೆಮಗ, ಮಾವನಮಗಳು ಎಂಬ ನಂಟಿನೊಳಗೇ ಆಗುತ್ತವೆ. ಯಾರನ್ನೂ ದೂರಲು ಇದನ್ನು ಹೇಳುತ್ತಿಲ್ಲ. ಇಂಥ ಕುಟುಂಬದಲ್ಲಿ ಮಗು ಪದೇ ಪದೇ ಕೆಮ್ಮುತ್ತಿದ್ದರೆ, ಜಿಡ್ಡು ಮಲ ಹೋಗುತ್ತಿದ್ದರೆ, ಹಣೆ ಉಪ್ಪುಪ್ಪಾಗಿದ್ದರೆ ಬೆವರು ಪರೀಕ್ಷೆ ಮಾಡಿಸಲೇಬೇಕು.

ಲಸಿಕೆಯ ಅಗತ್ಯವನ್ನು ನಮ್ಮ ದೇಶದಲ್ಲಿ ಇನ್ನೂ ವಿಶಾಲವಾಗಿ ನೋಡಬೇಕಾದ ಕಾರಣವೊಂದಿದೆ. ಭಾರತದ 31 ಕೇಂದ್ರಗಳ 2,195 ಬ್ರಾಂಕಿಯೆಕ್ಟಾಸಿಸ್ ರೋಗಿಗಳ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅವರಲ್ಲಿ ಮೂರನೇ ಒಂದಕ್ಕೂ ಹೆಚ್ಚು ಜನರ ಕಾಯಿಲೆಗೆ ಹಿಂದೆ ಬಂದು ಹೋದ ಕ್ಷಯವೇ ಕಾರಣ. ಅವರ ಕಫದಲ್ಲಿ ಅತಿ ಹೆಚ್ಚು ಕಂಡ ಬ್ಯಾಕ್ಟೀರಿಯ ಸ್ಯೂಡೊಮೊನಾಸ್. ಕ್ಷಯ ವಾಸಿಯಾದರೂ ಶ್ವಾಸನಾಳ ಹಿಗ್ಗಿ ಉಳಿದವರು, ಕಫದೊಂದಿಗೆ ಬದುಕುತ್ತಿರುವವರು ನಮ್ಮ ಊರೂರುಗಳಲ್ಲಿ ಇದ್ದಾರೆ. ಸಿಸ್ಟಿಕ್ ಫೈಬ್ರೋಸಿಸ್ ಮಕ್ಕಳಿಗಾಗಿ ರೂಪುಗೊಳ್ಳುವ ಲಸಿಕೆ ಇವರಲ್ಲಿ ಸ್ಯೂಡೊಮೊನಾಸ್ ಇನ್ನೂ ನೆಲೆಯೂರದವರಿಗೂ ಆಸರೆಯಾಗಬಹುದು. ರೋಗಿಗಳು ಸಾಲುವುದಿಲ್ಲ, ಮಾರುಕಟ್ಟೆ ಇಲ್ಲ ಎಂಬ ಯುರೋಪಿನ ಕಂಪನಿಗಳ ಲೆಕ್ಕ ಭಾರತದಲ್ಲಿ ಹಾಗೆಯೇ ನಿಲ್ಲುವುದಿಲ್ಲ. ಜಗತ್ತಿನ ಮಕ್ಕಳಿಗೆ ಲಸಿಕೆ ಒದಗಿಸುವ ಕಾರ್ಖಾನೆಗಳೂ, ಸಫ್ದರ್‌ಜಂಗ್‌ನ ಹಳೆಯ ಅನುಭವವೂ ನಮ್ಮಲ್ಲಿವೆ. ಡೋರಿಂಗ್ ಅವರ ಸಾಧಾರಣ ಗೆಲುವನ್ನು ಹಿಡಿದು ಮುಂದೆ ನಡೆಸುವ ಕೆಲಸ ಇಲ್ಲಿ ಏಕೆ ಆಗಬಾರದು?

ಅಲ್ಲಿಯವರೆಗೆ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯಲ್ಲಿ ಈ ಕಾಯಿಲೆಯ ಸುಳಿವು ಹಿಡಿಯಬಹುದೆಂದು ನ್ಯೂಜಿಲೆಂಡಿನ ಸಂಶೋಧಕರು 1979ರಲ್ಲೇ ತೋರಿಸಿದರು. ನಮ್ಮಲ್ಲಿ ಎಲ್ಲ ಶಿಶುಗಳಿಗೂ ಈ ತಪಾಸಣೆ ಇನ್ನೂ ಬಂದಿಲ್ಲ. ಅದು ಬರಲು ತಡವಾದರೂ ಬೆವರು ಪರೀಕ್ಷೆಯನ್ನು ಪ್ರತಿ ಜಿಲ್ಲಾಸ್ಪತ್ರೆಗೆ ತರುವುದು ದುಬಾರಿಯಲ್ಲ. ಮಗುವಿನ ಮೊದಲ ವರ್ಷದಲ್ಲೇ ಕಾಯಿಲೆ ಗೊತ್ತಾದರೆ ಪೋಷಣೆ, ಎದೆಯ ವ್ಯಾಯಾಮ, ಕಫದ ನಿಯಮಿತ ಪರೀಕ್ಷೆ, ಸ್ಯೂಡೊಮೊನಾಸ್ ಕಂಡ ತಕ್ಷಣ ಚಿಕಿತ್ಸೆ ಎಲ್ಲವೂ ಇಂದೇ ಸಾಧ್ಯ. ನಾಳೆ ಒಳ್ಳೆಯ ಲಸಿಕೆ ಬಂದರೆ ಅದನ್ನು ಪಡೆಯಬಲ್ಲ ಮಕ್ಕಳೂ ಇವರೇ. ತಡವಾಗಿ ಗುರುತಿಸಿದ ಮಗುವಿಗೆ ಎಂಥ ಲಸಿಕೆಯೂ ತಡವಾಗಿಯೇ ಬರುತ್ತದೆ. ಆದ್ದರಿಂದ ಲಸಿಕೆಯ ತಯಾರಿ ನಮ್ಮ ಮಟ್ಟಿಗೆ ಬೆವರು ಪರೀಕ್ಷೆಯಿಂದಲೇ ಆರಂಭವಾಗಬೇಕು.